ಒಗ್ಗರಣೆಗೆ ಮೊದಲು ಒಂದು ಹಿಡಿ: ಹಿತ್ತಲ ಹಕ್ಕಿಗಳಿಗೆ ಮನೆಯಲ್ಲೇ ಆಹಾರ ಮಾಡುವ ಬಗೆ

ನಮ್ಮಮ್ಮ ಮೊರ ಹಿಡಿದು ಹಿತ್ತಲ ಕಟ್ಟೆಗೆ ಬಂದರೆ ಸಾಕು, ಗುಬ್ಬಚ್ಚಿಗಳಿಗೆ ಗೊತ್ತಾಗಿಬಿಡುತ್ತಿತ್ತು. ಹೆಂಚಿನ ಸಂದಿಯಿಂದ ಒಂದೊಂದೇ ಇಳಿದು ಎರಡು ಮಾರು ದೂರದಲ್ಲಿ ಕಾಯುತ್ತಿದ್ದವು. ಅಕ್ಕಿ ಕೇರಿ ಮುಗಿದ ಮೇಲೆ ಉಳಿದ ನುಚ್ಚನ್ನು ಅಮ್ಮ ಅಂಗಳಕ್ಕೆ ಚೆಲ್ಲಿ ಒಳಗೆ ಹೋಗುತ್ತಿದ್ದರು. ಅದೊಂದು ಕೆಲಸ ಅಂತ ಯಾರೂ ಎಣಿಸಿರಲಿಲ್ಲ. ಭತ್ತದ ಕೊಯ್ಲಾದ ಮೇಲೆ ತೆನೆಗಳನ್ನು ಜಡೆಯ ಹಾಗೆ ಹೆಣೆದು ಜಂತಿಗೆ ತೂಗುಹಾಕುತ್ತಿದ್ದುದೂ ಹಾಗೇ.

ಈಗ ಅಕ್ಕಿ ಪ್ಯಾಕೆಟ್ಟಿನಲ್ಲಿ ಬರುತ್ತದೆ. ನುಚ್ಚಿಲ್ಲ, ಹೊಟ್ಟಿಲ್ಲ, ಮೊರವೂ ಅಟ್ಟ ಸೇರಿದೆ. ಆಗ ತಾನಾಗಿ ಹಕ್ಕಿಗೆ ಸಿಗುತ್ತಿದ್ದುದನ್ನು ಈಗ ನಾವು ಗಮನ ಇಟ್ಟು ಮಾಡಬೇಕು. ಕಷ್ಟದ ಕೆಲಸವೇನಲ್ಲ. ಆದರೆ ಉಳಿದ ಚಿತ್ರಾನ್ನ, ಬಿಸ್ಕತ್ತು, ಬ್ರೆಡ್ ತುಂಡು ಹಾಕಿದರೆ ಪುಣ್ಯದ ಬದಲು ಪಾಪವೇ ಆಗಬಹುದು. ನನ್ನ ಅಡುಗೆಮನೆಯಲ್ಲಿ ಇದಕ್ಕೆ ಒಂದೇ ನಿಯಮ: ಹಕ್ಕಿಯ ಪಾಲನ್ನು ಉಪ್ಪು ಬೀಳುವ ಮೊದಲು, ಒಗ್ಗರಣೆ ಹಾಕುವ ಮೊದಲು ತೆಗೆದಿಡಬೇಕು.

ಮೊದಲು ಯಾರು ಬರುತ್ತಾರೆ ನೋಡಿ

ಸಾಮಾನು ತರುವ ಮೊದಲು ಮೂರ್ನಾಲ್ಕು ದಿನ ಬೆಳಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಲ್ಲಿ ಸುಮ್ನೆ ಕೂತುಕೊಳ್ಳಿ. ಕೊಕ್ಕು ನೋಡಿದರೆ ಊಟ ಗೊತ್ತಾಗುತ್ತದೆ. ಕೊಕ್ಕು ಗಿಡ್ಡವಾಗಿ, ದಪ್ಪವಾಗಿ ಇದ್ದರೆ ಕಾಳು ತಿನ್ನುವ ಹಕ್ಕಿ. ಗುಬ್ಬಚ್ಚಿ, ರಾಟವಾಳ, ಗೀಜಗ ಎಲ್ಲ ಈ ಗುಂಪು. ಬೆಳವಕ್ಕಿಯ ಕೊಕ್ಕು ಸಣ್ಣದಾದರೂ ಅದೂ ಕಾಳಿನ ಗಿರಾಕಿಯೇ, ಇಡೀ ಕಾಳು ನುಂಗುತ್ತದೆ. ಪಿಕಳಾರ, ಕುಟ್ರುಹಕ್ಕಿ, ಕೋಗಿಲೆಗೆ ಹಣ್ಣು ಬೇಕು. ಮೈನಾ ಮತ್ತು ಕಾಗೆ ಏನು ಕೊಟ್ಟರೂ ತಿನ್ನುತ್ತವೆ. ಮಡಿವಾಳ ಹಕ್ಕಿ, ಟುವ್ವಿ ಹಕ್ಕಿಗೆ ಹುಳ ಹುಪ್ಪಟೆಯೇ ಊಟ. ನೀವು ಎಷ್ಟು ನವಣೆ ಹಾಕಿದರೂ ಅವು ತಿರುಗಿ ನೋಡುವುದಿಲ್ಲ. ಬಾಗಿದ ಸೂಜಿಯಂಥ ಕೊಕ್ಕಿನ ಸೂರಕ್ಕಿಗೆ ಮಕರಂದ. ಇವಕ್ಕೆಲ್ಲ ಒಂದೇ ತಟ್ಟೆಯಲ್ಲಿ ಬಡಿಸಲು ಆಗುವುದಿಲ್ಲ, ಅಲ್ವಾ? ಮೊದಲ ವರ್ಷ ಕಾಳು ಮತ್ತು ನೀರು ಮಾತ್ರ ಇಡಿ. ಅದು ಅಭ್ಯಾಸವಾದ ಮೇಲೆ ಉಳಿದದ್ದು.

ಕಾಳಿನ ಮಿಶ್ರಣ

ಬೇಕಾದ್ದು ಇಷ್ಟು:

- ನವಣೆ 2 ಪಾವು
- ಸಜ್ಜೆ 1 ಪಾವು
- ನುಚ್ಚಕ್ಕಿ 1 ಪಾವು
- ಒಡೆದ ಬಿಳಿಜೋಳ ಅರ್ಧ ಪಾವು

ನವಣೆ ತರುವಾಗ ಒಂದು ವಿಷಯ ಗಮನಿಸಿ. ಸಿರಿಧಾನ್ಯದ ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ನವಣೆ ಅಕ್ಕಿ, ಅಂದರೆ ಸಿಪ್ಪೆ ತೆಗೆದದ್ದು. ಹಕ್ಕಿಗೆ ಅದೂ ಆಗುತ್ತದೆ. ಆದರೆ ಸಿಪ್ಪೆ ಇರುವ ನವಣೆಗೆ ಬೇಗ ಹುಳ ಬೀಳುವುದಿಲ್ಲ, ಬೆಲೆಯೂ ಕಡಿಮೆ. ಸಂತೆಯಲ್ಲಿ ಅಥವಾ ಕಾಳಿನ ಮಂಡಿಯಲ್ಲಿ ‘ಸಿಪ್ಪೆ ಸಮೇತ ಬೇಕು’ ಅಂತ ಕೇಳಿದರೆ ಕೊಡುತ್ತಾರೆ. ಗುಬ್ಬಚ್ಚಿಗೆ ಆ ಸಿಪ್ಪೆ ಒಂದು ತೊಡಕೇ ಅಲ್ಲ.

ಮಾಡುವ ಕ್ರಮ ಹೀಗೆ. ಎಲ್ಲ ಕಾಳನ್ನೂ ಬೇರೆ ಬೇರೆಯಾಗಿ ಮೊರದಲ್ಲಿ ಕೇರಿ, ಕಲ್ಲು ಆರಿಸಿ. ಸಣ್ಣ ಕಣ್ಣಿನ ಜರಡಿಯಲ್ಲಿ ಧೂಳು ಜಾಲಿಸಿ. ತಾರಸಿಯ ಮೇಲೆ ಬಟ್ಟೆ ಹಾಸಿ ಒಂದು ಪೂರ್ತಿ ದಿನ ಬಿಸಿಲಿಗೆ ಹರಡಿ. ಒಂದು ಕಾಳು ಹಲ್ಲಿಗೆ ಇಟ್ಟು ಕಡಿದು ನೋಡಿ. ಟಕ್ ಅಂತ ಒಡೆದರೆ ಒಣಗಿದೆ, ಮೆತ್ತಗೆ ಅದುಮಿದರೆ ಇನ್ನೊಂದು ದಿನ ಬಿಸಿಲು ಬೇಕು. ಪೂರ್ತಿ ಆರಿದ ಮೇಲೆ ಬೆರೆಸಿ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ. ಡಬ್ಬಿಯ ತಳಕ್ಕೆ ನೆರಳಲ್ಲಿ ಒಣಗಿಸಿದ ನಾಲ್ಕು ಬೇವಿನ ಕಡ್ಡಿ ಹಾಕಿ. ಹುಳದ ಮಾತ್ರೆ ಹಾಕಿಟ್ಟ ಕಾಳನ್ನು ಮಾತ್ರ ಮುಟ್ಟಬೇಡಿ.

ಹಳ್ಳಿ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಬಿತ್ತನೆಗೆಂದು ತಂದು ಉಳಿದ ಬೀಜಕ್ಕೆ ಔಷಧಿ ಸವರಿರುತ್ತಾರೆ. ಗುಲಾಬಿ, ಕೆಂಪು, ನೀಲಿ ಬಣ್ಣ ಕಾಣುತ್ತದೆ. ಅದು ಹಕ್ಕಿಗೆ ವಿಷ. ತೊಳೆದರೆ ಹೋಗುತ್ತದೆ ಅಂದುಕೊಳ್ಳಬೇಡಿ.

‘ಹಸಿ ಅಕ್ಕಿ ತಿಂದರೆ ಹಕ್ಕಿಯ ಹೊಟ್ಟೆಯಲ್ಲಿ ಉಬ್ಬಿ ಸಾಯುತ್ತದಂತೆ’ ಅಂತ ಸುಮಾರು ಜನ ಕೇಳುತ್ತಾರೆ. ಹಾಗೇನೂ ಇಲ್ಲ. ನಮ್ಮ ಗದ್ದೆ ಬಯಲಿನ ಗೀಜಗ, ರಾಟವಾಳಗಳು ಭತ್ತ ತಿಂದುಕೊಂಡೇ ಬದುಕಿವೆ.

ದಿನಕ್ಕೆ ಎಷ್ಟು? ಹತ್ತು ಹದಿನೈದು ಗುಬ್ಬಚ್ಚಿ ಬರುವ ಮನೆಗೆ ಬೆಳಗ್ಗೆ ಒಂದು ಹಿಡಿ, ಸಂಜೆ ನಾಲ್ಕೂವರೆ ಹೊತ್ತಿಗೆ ಅರ್ಧ ಹಿಡಿ. ಕತ್ತಲಾಗುವಾಗ ತಟ್ಟೆ ಖಾಲಿ ಇರಬೇಕು. ಉಳಿದಿದ್ದರೆ ನಾಳೆ ಕಡಿಮೆ ಹಾಕಿ. ರಾತ್ರಿ ಉಳಿದ ಕಾಳಿಗೆ ಬರುವುದು ಇಲಿ, ಇಲಿಯ ಹಿಂದೆ ಹಾವು.

ತಟ್ಟೆ ಖಾಲಿಯಾಗಿದೆಯೋ ಇಲ್ಲವೋ ಅನ್ನುವುದು ದೂರದಿಂದ ತಿಳಿಯುವುದಿಲ್ಲ. ಗುಬ್ಬಚ್ಚಿ ನವಣೆ ತಿನ್ನುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಕಾಳನ್ನು ಕೊಕ್ಕಿನ ಅಂಚಿಗೆ ತಂದು, ನಾಲಿಗೆಯಿಂದ ಉರುಳಿಸುತ್ತಾ ಚಕಚಕ ಅಂತ ನಾಲ್ಕಾರು ಸಲ ಕಚ್ಚುತ್ತದೆ. ಕೊಕ್ಕಿನ ಎರಡೂ ಬದಿಯಿಂದ ಹೊಳೆಯುವ ಹಳದಿ ಸಿಪ್ಪೆ ಉದುರುತ್ತದೆ. ಆಮೇಲೆ ನುಂಗುತ್ತದೆ. ಆ ಸಿಪ್ಪೆ ತಟ್ಟೆಯಲ್ಲೇ ಬೀಳುವುದರಿಂದ ಅರ್ಧ ಗಂಟೆಯ ಮೇಲೂ ತಟ್ಟೆ ತುಂಬಿದ ಹಾಗೇ ಕಾಣುತ್ತದೆ. ಹೊಸಬರು ‘ಇನ್ನೂ ಇದೆಯಲ್ಲ’ ಅಂತ ಬಿಟ್ಟುಬಿಡುತ್ತಾರೆ. ಹತ್ತಿರ ಹೋಗಿ ಒಮ್ಮೆ ಉಫ್ ಅಂತ ಊದಿ. ಹಾರಿಹೋದದ್ದು ಸಿಪ್ಪೆ, ಉಳಿದದ್ದು ಕಾಳು.

ಕರಟದಲ್ಲಿ ರಾಗಿ-ಬಾಳೆಹಣ್ಣಿನ ಉಂಡೆ

ಇದು ಮೈನಾ, ಪಿಕಳಾರ, ಹರಟೆಮಲ್ಲಗಳಿಗೆ. ಕಪ್ಪಾದ, ತೀರಾ ಹಣ್ಣಾದ ಏಲಕ್ಕಿ ಬಾಳೆ 2 ತಗೊಳ್ಳಿ. ಸಿಪ್ಪೆ ಸುಲಿದು ಕೈಯಲ್ಲಿ ಚೆನ್ನಾಗಿ ಹಿಸುಕಿ. ಹಸಿ ವಾಸನೆ ಹೋಗುವಷ್ಟು ಹುರಿದು ಆರಿಸಿದ ರಾಗಿ ಹಿಟ್ಟು 4 ಚಮಚ, ಉಪ್ಪಿಲ್ಲದೆ ಹುರಿದು ತರಿತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜ 2 ಚಮಚ ಸೇರಿಸಿ ಕಲಸಿ. ನೀರು ಬೇಡ, ಬೆಲ್ಲ ಬೇಡ, ತುಪ್ಪವೂ ಬೇಡ. ಕೈಗೆ ಅಂಟದೆ ಉಂಡೆ ಕಟ್ಟಲು ಬಂದರೆ ಹದ ಸರಿ. ಅಂಟುತ್ತಿದ್ದರೆ ಇನ್ನರ್ಧ ಚಮಚ ಹಿಟ್ಟು ಹಾಕಿ.

ತೆಂಗಿನ ಕರಟದ ಅರ್ಧ ಹೋಳಿಗೆ ಅಂಚಿನ ಬಳಿ ಮೂರು ತೂತು ಕೊರೆದು, ತೆಂಗಿನ ನಾರಿನ ಹಗ್ಗ ಕಟ್ಟಿ ಕೊಂಬೆಗೆ ತೂಗುಹಾಕಿ. ತಳದಲ್ಲಿ ನೀರು ಸೋರಿಹೋಗಲು ಇನ್ನೊಂದು ಸಣ್ಣ ತೂತು ಇರಲಿ. ನೈಲಾನ್ ದಾರ ಬೇಡ, ಹಕ್ಕಿಯ ಕಾಲು ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ನಿಂಬೆಕಾಯಿ ಗಾತ್ರದಷ್ಟು ಉಂಡೆಯನ್ನು ಕರಟಕ್ಕೆ ಒತ್ತಿ ಕೂರಿಸಿ. ಬೆಳಗ್ಗೆ ಏಳಕ್ಕೆ ಇಟ್ಟರೆ ಹತ್ತು ಗಂಟೆಗೆ ತೆಗೆದುಬಿಡಿ. ನಮ್ಮ ಬಿಸಿಲಿಗೆ ಬಾಳೆಹಣ್ಣು ಅದಕ್ಕಿಂತ ಜಾಸ್ತಿ ಹೊತ್ತು ತಡೆಯುವುದಿಲ್ಲ.

ಇರುವೆ ಬರುತ್ತದೆ, ಖಂಡಿತ ಬರುತ್ತದೆ. ಹಗ್ಗಕ್ಕೆ ಎಣ್ಣೆ, ಗ್ರೀಸು ಸವರುವವರಿದ್ದಾರೆ. ದಯವಿಟ್ಟು ಬೇಡ. ಅದು ರೆಕ್ಕೆಗೆ ಮೆತ್ತಿದರೆ ಹಕ್ಕಿ ಹಾರಲು ಒದ್ದಾಡುತ್ತದೆ. ಅದರ ಬದಲು ಹಗ್ಗದ ನಡುವೆ ಇನ್ನೊಂದು ಕರಟವನ್ನು ಬಾಯಿ ಮೇಲಾಗಿ ಕೂರಿಸಿ, ಹಗ್ಗ ತೂರಿದ ಕಡೆ ಜೇನುಮೇಣ ಮೆತ್ತಿ, ನೀರು ತುಂಬಿ. ಇರುವೆ ಅಲ್ಲಿಗೇ ನಿಲ್ಲುತ್ತದೆ.

ಕಡಲೆಕಾಯಿ ಬಗ್ಗೆ ಒಂದು ಮಾತು

ನಾಲ್ಕು ವರ್ಷದ ಹಿಂದಿನ ಆಷಾಢ. ಮಳೆ ಹಿಡಿದು ಹದಿನೈದು ದಿನವಾಗಿತ್ತು. ಮೂಟೆಯ ತಳದ ಕಡಲೆಕಾಯಿ ಸ್ವಲ್ಪ ಮುಗ್ಗಲು ವಾಸನೆ ಬರುತ್ತಿತ್ತು. ಮನೆಯವರಿಗೆ ಆಗದು, ಹಕ್ಕಿಗಾದರೂ ಆಗಲಿ ಅಂತ ಹುರಿದು, ಒಡೆದು ಇಟ್ಟೆ. ಮೂರನೇ ದಿನ ಕರಟದ ಕೆಳಗೆ ಒಂದು ಮೈನಾ ಮೈಯೆಲ್ಲ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ಹತ್ತಿರ ಹೋದರೂ ಹಾರಲಿಲ್ಲ. ಸಂಜೆಗೆ ಸತ್ತಿತು. ಕಡಲೆಕಾಯಿಯಿಂದಲೇ ಸತ್ತಿತು ಅಂತ ಆಣೆ ಮಾಡಿ ಹೇಳಲು ನನ್ನಿಂದಾಗದು. ಆದರೆ ಅಂದಿನಿಂದ ನಾನು ಮನುಷ್ಯರು ತಿನ್ನದ ಕಡಲೆಕಾಯಿಯನ್ನು ಹಕ್ಕಿಗೆ ಇಟ್ಟಿಲ್ಲ.

ಆ ಹೆದರಿಕೆಗೆ ಕಾರಣ ಇದೆ. ಬೂಸಲು ಬಂದ ಕಡಲೆಕಾಯಿಯಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಲಿವರ್ ಕೆಡಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ 1 ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸಾಲುಸಾಲಾಗಿ ಸತ್ತಾಗ, ಅವಕ್ಕೆ ಹಾಕಿದ ಬೂಸಲು ಹಿಡಿದ ಕಡಲೆಕಾಯಿ ಹಿಂಡಿಯೇ ಕಾರಣ ಅಂತ ಗೊತ್ತಾಯಿತು. ಈ ವಿಷ ಪತ್ತೆಯಾದದ್ದೇ ಆ ಸಾವುಗಳಿಂದ. ನೆನಪಿಡಬೇಕಾದ್ದು ಏನೆಂದರೆ, ಹುರಿದರೂ ಬೇಯಿಸಿದರೂ ಇದು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಕಡಲೆಕಾಯಿ ಹೊಸದಿರಬೇಕು, ಗಟ್ಟಿ ಇರಬೇಕು, ವಾಸನೆ ಶುದ್ಧವಾಗಿರಬೇಕು. ಮಳೆಗಾಲದಲ್ಲಿ ನಾನು ಹಾಕುವುದನ್ನೇ ಬಿಟ್ಟಿದ್ದೇನೆ.

ಮೊಟ್ಟೆ-ಅನ್ನದ ಪುಡಿ

ಗೂಡು ಕಟ್ಟುವ ಕಾಲದಲ್ಲಿ, ಅಂದರೆ ಬೇಸಿಗೆಯಿಂದ ಮಳೆಗಾಲದ ಮೊದಲ ತಿಂಗಳವರೆಗೆ, ವಾರಕ್ಕೆ ಎರಡು ದಿನ ಇದನ್ನು ಇಡುತ್ತೇನೆ. ಒಂದು ಕೋಳಿಮೊಟ್ಟೆಯನ್ನು 12 ನಿಮಿಷ ಗಟ್ಟಿಯಾಗಿ ಬೇಯಿಸಿ. ಸಿಪ್ಪೆ ತೆಗೆದು, ಆ ಸಿಪ್ಪೆಯನ್ನೂ ಒಣಗಿಸಿ ಒರಳಲ್ಲಿ ಕುಟ್ಟಿ ರವೆಯ ಹಾಗೆ ಮಾಡಿ. ಉಪ್ಪಿಲ್ಲದ, ಆರಿದ ಅನ್ನ ಒಂದು ಹಿಡಿ, ತುರಿದ ಗಜ್ಜರಿ ಒಂದು ಚಮಚ, ಹಿಸುಕಿದ ಮೊಟ್ಟೆ, ಸಿಪ್ಪೆಯ ಪುಡಿ ಕಾಲು ಚಮಚ ಬೆರೆಸಿ. ಮೊಟ್ಟೆಯಿಡುವ ಹೆಣ್ಣು ಹಕ್ಕಿಗೆ ಸುಣ್ಣದ ಅಂಶ ತುಂಬ ಬೇಕು, ಅದು ಆ ಪುಡಿಯಲ್ಲಿದೆ. ಇದೂ ಅಷ್ಟೇ, ಎರಡು ಗಂಟೆಯೊಳಗೆ ತೆಗೆಯಬೇಕು. ಮನೆಯಲ್ಲಿ ಮೊಟ್ಟೆ ತರದವರು ಬಿಟ್ಟುಬಿಡಿ, ಅದಕ್ಕಿಂತ ಒಳ್ಳೆಯ ದಾರಿ ಮುಂದೆ ಹೇಳುತ್ತೇನೆ.

ತೊಗರಿ, ಅಲಸಂದೆ, ಅವರೆಯಂಥ ಕಾಳನ್ನು ಹಸಿಯಾಗಿ ಹಾಕಬೇಡಿ. ಕೊಡಲೇಬೇಕು ಅಂದರೆ ಉಪ್ಪಿಲ್ಲದೆ ಮೆತ್ತಗೆ ಬೇಯಿಸಿ ಕೊಡಿ.

ಹಣ್ಣು

ಇದು ಎಲ್ಲಕ್ಕಿಂತ ಸುಲಭ. ಪರಂಗಿ, ಸೀಬೆ, ಸಪೋಟ, ಬಾಳೆ ಯಾವುದಾದರೂ ಸರಿ. ಅರ್ಧಕ್ಕೆ ಕತ್ತರಿಸಿ, ಕೊಂಬೆಯ ಮೊಂಡು ತುದಿಗೆ ಚುಚ್ಚಿ ನಿಲ್ಲಿಸಿ. ಸೇಬಾದರೆ ಬೀಜ ತೆಗೆಯಿರಿ. ಪಿಕಳಾರಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ. ತಲೆಯ ಜುಟ್ಟು ನೆಟ್ಟಗೆ ಮಾಡಿಕೊಂಡು, ಒಂದು ತಿನ್ನುವಾಗ ಇನ್ನೊಂದು ಸುತ್ತ ನೋಡುತ್ತದೆ. ಆಮೇಲೆ ಜಾಗ ಬದಲು. ಪರಂಗಿ ಗಿಡ ನಿಮ್ಮ ಹಿತ್ತಲಲ್ಲೇ ಇದ್ದರೆ ಮೇಲಿನ ಒಂದೆರಡು ಹಣ್ಣು ಕೀಳದೆ ಬಿಡಿ, ಅಷ್ಟೇ ಸಾಕು.

ಕೊಡಗು, ಚಿಕ್ಕಮಗಳೂರಿನ ತೋಟದ ಮನೆಗಳವರು ಇದೊಂದು ಕೇಳಿ: ಬೆಣ್ಣೆಹಣ್ಣನ್ನು ಹಕ್ಕಿಗೆ ಇಡಬಾರದು. ಅದರಲ್ಲಿರುವ ಪರ್ಸಿನ್ ಅನ್ನುವ ಅಂಶ ಹಕ್ಕಿಯ ಹೃದಯಕ್ಕೆ ಕೆಟ್ಟದ್ದು. ಚಾಕಲೇಟು, ಕಾಫಿ, ಟೀ ಸೇರಿದ ಯಾವುದೂ ಆಗದು. ಚಕ್ಕುಲಿ, ಮಿಕ್ಸ್ಚರ್, ಉಪ್ಪಿನಕಾಯಿ ಕಲಸಿದ ಅನ್ನ ಖಂಡಿತ ಬೇಡ. ಗುಬ್ಬಚ್ಚಿಯ ತೂಕ 25 ಗ್ರಾಂ ಆಸುಪಾಸು. ನಮಗೆ ನಾಲಿಗೆಗೆ ಹಿತವಾದ ಉಪ್ಪು ಆ ಪುಟ್ಟ ದೇಹಕ್ಕೆ ಎಷ್ಟಾಗುತ್ತದೆ ಯೋಚಿಸಿ. ಬ್ರೆಡ್ಡಿನಲ್ಲಿ ವಿಷವಿಲ್ಲ, ಆದರೆ ಹೊಟ್ಟೆ ತುಂಬುತ್ತದೆ, ಸತ್ವ ಸಿಗುವುದಿಲ್ಲ. ಪುಡಿ ಮಾಡಿದ ಒಣಕೊಬ್ಬರಿ ಹೊಟ್ಟೆಯಲ್ಲಿ ಉಬ್ಬುತ್ತದೆ. ಕೊಡುವುದಾದರೆ ಹಸಿ ತೆಂಗಿನಕಾಯಿ ಹೋಳನ್ನು ಹಾಗೇ ಕಟ್ಟಿ.

ಮರಿಗಳಿಗೆ ಹುಳ, ಸೂರಕ್ಕಿಗೆ ಹೂವು

ಗುಬ್ಬಚ್ಚಿ ದೊಡ್ಡದಾದ ಮೇಲೆ ಕಾಳು ತಿನ್ನುತ್ತದೆ ನಿಜ. ಆದರೆ ಮರಿಗೆ ಮೊದಲ ದಿನಗಳಲ್ಲಿ ಅದು ತಂದು ಉಣಿಸುವುದು ಹುಳಗಳನ್ನು. ಮಿದುವಾದ ಕಂಬಳಿಹುಳ, ಗಿಡದ ಹೇನು, ಸಣ್ಣ ಮಿಡತೆ. ಅದನ್ನು ನಾವು ಒಲೆಯ ಮೇಲೆ ಮಾಡಲಾಗದು. ಮಾಡಬೇಕಾದ್ದು ಇಷ್ಟೇ: ಹಿತ್ತಲ ಒಂದು ಮೂಲೆಯಲ್ಲಿ ತರಗೆಲೆ ಗುಡಿಸದೆ ಬಿಡಿ. ತರಕಾರಿ ಸಿಪ್ಪೆ, ಸಗಣಿ, ತರಗೆಲೆ ಹಾಕಿ ಗೊಬ್ಬರದ ಗುಂಡಿ ಮಾಡಿ. ಗಿಡಕ್ಕೆ ಕೀಟನಾಶಕ ಹೊಡೆಯಬೇಡಿ. ನಮ್ಮ ಗೊಬ್ಬರದ ಗುಂಡಿಯ ಅಂಚಿಗೆ ಮಡಿವಾಳ ಹಕ್ಕಿ ದಿನಾ ಬೆಳಗ್ಗೆ ಬಾಲ ನಿಮಿರಿಸಿಕೊಂಡು ಬರುತ್ತದೆ. ಯಾವ ತಟ್ಟೆಗೂ ಅದು ಬಂದದ್ದಿಲ್ಲ.

ಸೂರಕ್ಕಿಗೆ ಸಕ್ಕರೆ ನೀರು ಇಡಿ ಅಂತ ಸಲಹೆ ಕೊಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಸೆಖೆಗೆ ಅದು ಮಧ್ಯಾಹ್ನದ ಹೊತ್ತಿಗೇ ಹುಳಿಯತೊಡಗುತ್ತದೆ. ಜೇನು ಬೆರೆಸಿದರಂತೂ ಬೂಸಲು ಇನ್ನೂ ಬೇಗ. ವರ್ಷವಿಡೀ ಹೂ ಬಿಡುವ ದಾಸವಾಳ, ಕೇಪಳ, ರತ್ನಗಂಧಿ, ಒಂದು ಬಾಳೆ ಬುಡ ಇದ್ದರೆ ಸೂರಕ್ಕಿ ತಾನಾಗಿ ಬರುತ್ತದೆ. ಬಾಳೆಯ ಮೂತಿ ಬಿಚ್ಚಿದಾಗ ಒಂದು ಬೆಳಗ್ಗೆ ಎಷ್ಟು ಸಲ ಬರುತ್ತದೆ ಅಂತ ಮಕ್ಕಳಿಗೆ ಎಣಿಸಲು ಹೇಳಿ.

ಅಮೆರಿಕದಲ್ಲಿರುವ ನಮ್ಮವರಿಗೆ ಇದು ಬೇರೆ. ಅಲ್ಲಿನ ಹಮ್ಮಿಂಗ್‌ಬರ್ಡ್‌ಗೆ ಸಕ್ಕರೆ ನೀರು ಇಡುವುದು ರೂಢಿ. ಅಳತೆ 1 ಭಾಗ ಬಿಳಿ ಸಕ್ಕರೆಗೆ 4 ಭಾಗ ನೀರು. ಕೆಂಪು ಬಣ್ಣ ಬೇಡ, ಬೆಲ್ಲ ಬೇಡ, ಜೇನು ಬೇಡ. ಸೆಖೆ ಇದ್ದಾಗ ಎರಡು ದಿನಕ್ಕೊಮ್ಮೆ ಬದಲಿಸಬೇಕು. ಚಳಿಗಾಲದಲ್ಲಿ ಅಲ್ಲಿ ಕೊಬ್ಬಿನ ಗಟ್ಟಿ ತೂಗುಹಾಕುತ್ತಾರೆ. ಹಿಮ ಬೀಳುವ ಊರಿಗೆ ಅದು ಸರಿ. ಅದನ್ನು ನೋಡಿ ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಡಾಲ್ಡಾ ಉಂಡೆ ಕಟ್ಟಬೇಡಿ. ಕರಗಿ ರೆಕ್ಕೆಗೆ ಮೆತ್ತಿಕೊಳ್ಳುತ್ತದೆ.

ನೀರು

ಏನೂ ಮಾಡಲು ಪುರುಸೊತ್ತಿಲ್ಲ ಅನ್ನುವವರು ಇದೊಂದನ್ನು ಮಾಡಿ. ಅಗಲ ಬಾಯಿಯ, ಆಳವಿಲ್ಲದ ಮಣ್ಣಿನ ತಟ್ಟೆ ಸಾಕು. ನೀರು 3ರಿಂದ 4 ಸೆಂಟಿಮೀಟರ್ ಇರಲಿ. ನಡುವೆ ಒಂದು ಒರಟು ಕಲ್ಲು ಇಡಿ. ಹಕ್ಕಿ ಅದರ ಮೇಲೆ ಕೂತು ಕುಡಿಯುತ್ತದೆ, ಜೇನುನೊಣವೂ ಬದುಕುತ್ತದೆ. ಬಕೆಟ್, ಆಳದ ಪಾತ್ರೆ ಬೇಡ, ಮರಿಗಳು ಜಾರಿ ಬಿದ್ದರೆ ಮೇಲೆ ಬರಲಾರವು. ದಿನಾ ಬೆಳಗ್ಗೆ ನೀರು ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ, ಹೊಸ ನೀರು ಹಾಕಿ. ಹೀಗೆ ಮಾಡಿದರೆ ಡೆಂಗಿ ಸೊಳ್ಳೆಯ ಭಯ ಇಲ್ಲ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಷ್ಟು ನಿಂತ ನೀರು ಬೇಕು.

ಎಲ್ಲಿಡಬೇಕು

ನೆಲದಿಂದ ಐದಾರು ಅಡಿ ಎತ್ತರ. ಪೊದೆಯಿಂದ ಏಳೆಂಟು ಅಡಿ ದೂರ. ಬಿಜ್ಜು ಎಂಬ ಬೇಟೆ ಹಕ್ಕಿ ಬಂದರೆ ಗುಬ್ಬಚ್ಚಿಗಳು ಓಡಿ ಅಡಗಲು ಆ ಪೊದೆ ಬೇಕು, ಆದರೆ ಬೆಕ್ಕು ಅಲ್ಲಿಂದ ನೆಗೆದರೆ ತಟ್ಟೆ ಸಿಗಬಾರದು. ದೊಡ್ಡ ಗಾಜಿನ ಕಿಟಕಿ ಇದ್ದರೆ ಒಂದೋ ಅದಕ್ಕೆ ಮೂರಡಿಯೊಳಗೆ ಇಡಿ, ಇಲ್ಲವೇ ಮೂವತ್ತಡಿ ಆಚೆ ಇಡಿ. ನಡುವಿನ ದೂರದಿಂದ ಹಕ್ಕಿ ಪೂರ್ತಿ ವೇಗದಲ್ಲಿ ಬಂದು ಗಾಜಿಗೆ ಬಡಿಯುತ್ತದೆ. ಮಳೆಗಾಲಕ್ಕೆ ಮೇಲೊಂದು ಅಡಿಕೆ ಹಾಳೆಯ ಸೂರು ಕಟ್ಟಿ.

ಪಾರಿವಾಳದ ಮಾತು ಬಿಡಿಸಿಯೇ ಹೇಳಬೇಕು. ತಾರಸಿಯ ಮೇಲೆ ಸೇರುಗಟ್ಟಲೆ ಜೋಳ ಸುರಿದರೆ ಬರುವುದು ಪಾರಿವಾಳ ಮಾತ್ರ. ಅವು ನೂರಾದರೆ ಗುಬ್ಬಚ್ಚಿಗೆ ಜಾಗವಿಲ್ಲ. ಅವುಗಳ ಹಿಕ್ಕೆ ಒಣಗಿ ಧೂಳಾಗಿ ಎದೆಗೆ ಹೋದರೆ ಶ್ವಾಸಕೋಶ ಕೆಡುತ್ತದೆ, ಉಬ್ಬಸ ಇರುವವರಿಗೆ ಇನ್ನೂ ಕಷ್ಟ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕಾಳು ಇಡಲೇಬೇಡಿ ಅನ್ನುತ್ತೇನೆ ನಾನು. ಅಲ್ಲಿ ನೀರು ಮತ್ತು ಹೂವಿನ ಕುಂಡ ಸಾಕು. ಹಿತ್ತಲಿರುವವರು ತಟ್ಟೆಯ ಸುತ್ತ 4 ಸೆಂಟಿಮೀಟರ್ ಕಣ್ಣಿನ ತಂತಿ ಬಲೆಯ ಗೂಡು ಕೂರಿಸಿ. ಗುಬ್ಬಚ್ಚಿ, ರಾಟವಾಳ ನುಸುಳುತ್ತವೆ, ಪಾರಿವಾಳ ಮತ್ತು ಕಾಗೆ ಹೊರಗೇ ಉಳಿಯುತ್ತವೆ. ಬಲೆಯ ಚೂಪು ತುದಿಗಳನ್ನು ಇಕ್ಕಳದಿಂದ ಒಳಮುಖ ಮಡಿಸಲು ಮರೆಯಬೇಡಿ.

ತೊಳೆಯುವ ಕೆಲಸ

ಬೇಸರದ ಕೆಲಸ ಇದೇ, ಆದರೆ ಇದನ್ನು ಬಿಟ್ಟರೆ ಉಳಿದ ಎಲ್ಲವೂ ದಂಡ. ಹತ್ತು ಊರಿನ ಹಕ್ಕಿ ಒಂದೇ ತಟ್ಟೆಗೆ ಬಾಯಿ ಹಾಕಿದಾಗ ರೋಗ ಹರಡುತ್ತದೆ. ಸಾಲ್ಮೊನೆಲ್ಲ ಹಾಗೆ ಹರಡುವ ಒಂದು ರೋಗಾಣು. ದಿನಾ ಸಿಪ್ಪೆ, ಹಿಕ್ಕೆ ಒರೆಸಿ ತೆಗೆಯಿರಿ. ವಾರಕ್ಕೊಮ್ಮೆ ಸ್ಟೀಲ್ ಅಥವಾ ಪ್ಲಾಸ್ಟಿಕ್ ತಟ್ಟೆಯಾದರೆ 1 ಭಾಗ ಬ್ಲೀಚ್ ದ್ರಾವಣಕ್ಕೆ 9 ಭಾಗ ನೀರು ಬೆರೆಸಿ 10 ನಿಮಿಷ ನೆನೆಸಿ, ವಾಸನೆ ಹೋಗುವವರೆಗೆ ತೊಳೆದು, ಬಿಸಿಲಲ್ಲಿ ಒಣಗಿಸಿ. ಮಣ್ಣಿನದು ಬ್ಲೀಚನ್ನು ಹೀರಿಕೊಳ್ಳುತ್ತದೆ. ಅದಕ್ಕೆ ಕುದಿವ ನೀರು, ಆಮೇಲೆ ದಿನವಿಡೀ ಬಿಸಿಲು. ಹಾಗಾಗಿ ಎರಡು ಜೊತೆ ತಟ್ಟೆ ಇಟ್ಟುಕೊಳ್ಳಿ. ಕರಟವನ್ನು ತಿಂಗಳಿಗೊಮ್ಮೆ ಒಲೆಗೆ ಹಾಕಿ, ಹೊಸದು ಕಟ್ಟಿ. ಕೆಲಸವಾದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳಿಗೂ ತೊಳೆಸಿ.

ಮೈ ಉಬ್ಬಿಸಿಕೊಂಡು ತೂಕಡಿಸುವ, ನೀವು ಹತ್ತಿರ ಹೋದರೂ ಕದಲದ ಹಕ್ಕಿ ಕಂಡರೆ ಆ ಹೊತ್ತೇ ತಟ್ಟೆ ಎತ್ತಿಬಿಡಿ. ಎರಡು ವಾರ ಏನೂ ಇಡಬೇಡಿ. ಹಕ್ಕಿಗಳು ಚದುರಿದರೆ ರೋಗ ಒಂದರಿಂದ ಇನ್ನೊಂದಕ್ಕೆ ಹರಡುವುದು ಕಡಿಮೆಯಾಗುತ್ತದೆ. ಅವು ಉಪವಾಸ ಬೀಳುವುದಿಲ್ಲ, ನಮ್ಮ ತಟ್ಟೆ ಅವಕ್ಕೆ ಹಲವು ಜಾಗಗಳಲ್ಲಿ ಒಂದು ಅಷ್ಟೇ.

ಹಕ್ಕಿ ಬರಲೇ ಇಲ್ಲ ಅಂದರೆ

ಮೊದಲ ವಾರ ಯಾರೂ ಬರುವುದಿಲ್ಲ. ಎರಡನೇ ವಾರವೂ ಬರದಿರಬಹುದು. ತಟ್ಟೆಯ ಜಾಗ ಬದಲಿಸುತ್ತಾ ಹೋಗಬೇಡಿ, ಹೊತ್ತನ್ನೂ ಬದಲಿಸಬೇಡಿ. ಒಂದು ಚಿಟಿಕೆ ಕಾಳು ಮಾತ್ರ ಇಟ್ಟು ದಿನಾ ಹಳೆಯದನ್ನು ತೆಗೆದು ಹೊಸದು ಹಾಕಿ. ಮೊದಲು ನೀರಿಗೆ ಬರುತ್ತವೆ. ಒಂದು ಗುಬ್ಬಚ್ಚಿ ಕಾಂಪೌಂಡಿನ ಮೇಲೆ ಕೂತು, ಇಳಿದು, ಮತ್ತೆ ಹಾರಿ, ಮತ್ತೆ ಇಳಿಯುತ್ತದೆ. ಆಗ ಬಾಗಿಲು ತೆರೆದು ಫೋಟೊ ತೆಗೆಯಲು ಹೋಗಬೇಡಿ. ಮರುದಿನ ಅದು ನಾಲ್ಕನ್ನು ಕರೆದುಕೊಂಡು ಬರುತ್ತದೆ.

ನಾಲ್ಕು ದಿನ ಊರಿಗೆ ಹೋಗುವುದಿದ್ದರೆ ಜಾಸ್ತಿ ಕಾಳು ಸುರಿದು ಹೋಗಬೇಡಿ. ತಟ್ಟೆ ತೊಳೆದು ಕವುಚಿಟ್ಟು ಹೋಗಿ. ನೀರು ಬದಲಿಸಲು ಮಾತ್ರ ಪಕ್ಕದ ಮನೆಯವರಿಗೆ ಹೇಳಿ ಹೋಗಿ.